ಮೊದಲ ಆಟ ಕೇರಿಯಲ್ಲಾಗಲಿ

ಬನದ ಹುಣ್ಣಿಮೆಗೆ ಬಾದಾಮಿ ಪಕ್ಕದ ಬನಶಂಕರಿ ಜಾತ್ರೆ. ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳ ಥೇಟರು ತುಂಬಿರುತ್ತವೆ. ಬಾಗಲಕೋಟೆ, ಹುನಗುಂದ, ಇಳಕಲ್ ಕಡೆಯ ರೈತರು, ನೇಕಾರರು, ಕೂಲಿಗಳು ಚಳಿಯಲ್ಲೇ ಬಂದು ಕೂಡುತ್ತಾರೆ. ಹೊಸ ನಾಟಕಕ್ಕೆ ಇದಕ್ಕಿಂತ ಖಡಕ್ ಪರೀಕ್ಷೆ ಇಲ್ಲ. ನಗೆ ಬೀಳದ ಮಾತನ್ನು ಮಾಲಕ ಮರುದಿನವೇ ಕತ್ತರಿಸುತ್ತಾನೆ. ಚಪ್ಪಾಳೆ ಬಿದ್ದದ್ದನ್ನು ಎಳೆದು ಬೆಳೆಸುತ್ತಾನೆ. ಗಲ್ಲಾಪೆಟ್ಟಿಗೆಯೇ ಆತನ ವಿಮರ್ಶಕ.

ಸರಿ. ಆದರೆ ಗೆಳೆಯರೇ, ಅಲ್ಲಿ ನಗೆಪಾಟಲಾಗುವವರು ಯಾರು? ಕುಡುಕ ಆಳು, ಬಾಯಿಬಡುಕ ಕೆಲಸದಾಕೆ, ಸೂಳೆ: ಇವರೆಲ್ಲ ಯಾವ ಕೇರಿಯವರು? ದುಡಿದ ದುಡ್ಡು ಕೊಟ್ಟು ಒಳಗೆ ಹೋದ ನಮ್ಮವರು ತಮ್ಮನ್ನೇ ಆಡಿಕೊಂಡ ಮಾತಿಗೆ ತಾವೇ ನಗುತ್ತಾರೆ. ಥೇಟರು ತುಂಬಿತೆಂದರೆ ನಾಟಕ ಪಾಸಾಯಿತೇ?

ಇನ್ನು ಪಟ್ಟಣದ ಪ್ರಗತಿಪರ ತಂಡಗಳು. ಇವರಿಗೆ ಗಲ್ಲಾಪೆಟ್ಟಿಗೆಯ ಭಯವಿಲ್ಲ, ನಮ್ಮ ಭಯವೂ ಇಲ್ಲ. ನಮ್ಮ ಮೇಲೆಯೇ ನಾಟಕ ಕಟ್ಟುತ್ತಾರೆ. ನಾಲ್ಕು ಗೋಡೆಯೊಳಗೆ ತಾಲೀಮು, ಆಹ್ವಾನಿತರೆದುರು ಒಂದು ರಂಗತಾಲೀಮು, ಆಮೇಲೆ ನೆಟ್ಟಗೆ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ.

ಇಂಥದೊಂದು ತಂಡ, ನಾವು ಬೆನ್ನು ಹತ್ತಿದ್ದಕ್ಕೆ, ಬೆಂಗಳೂರಿಗೆ ಹೋಗುವ ಮುಂಚೆ ಹುನಗುಂದ ಸೀಮೆಯ ನಮ್ಮ ಕೇರಿಯಲ್ಲಿ ಆಟ ಆಡಿತು. ದೇವದಾಸಿಯರ ನಾಟಕ. ಜೋಗತಿ ಬಂದಳು. ಅತ್ತಳು, ಅತ್ತೇ ಅತ್ತಳು. ಮುಂದೆ ಕೂತಿದ್ದ ಒಬ್ಬ ಮುದುಕಿ, ತಾನೇ ಮುತ್ತು ಕಟ್ಟಿಸಿಕೊಂಡಾಕೆ, ಎದ್ದು ನಿಂತಳು:

"ಯವ್ವಾ, ಬರೇ ಅಳಾಕತ್ತೀಯಲ್ಲ. ನಮಗ ಅಳಾಕ ಪುರಸೊತ್ತು ಎಲ್ಲಿತ್ತು? ಮಕ್ಕಳ ಹೊಟ್ಟಿ ನೋಡಬೇಕಿತ್ತು. ಮುತ್ತು ಕಟ್ಟಿಸಿದ ಗೌಡ ಎಲ್ಲಿ ಅದಾನ? ಅವನ್ನ ಯಾಕ ಕರಕೊಂಡು ಬಂದಿಲ್ಲ?"

ಕೇರಿ ಗಪ್ಪಾಯಿತು. ಎರಡು ತಾಸಿನ ನಾಟಕದಲ್ಲಿ ಗೌಡನಿರಲಿಲ್ಲ. ಅವನ ಹೊಲವಿರಲಿಲ್ಲ, ಕೂಲಿಯ ಲೆಕ್ಕವಿರಲಿಲ್ಲ. ಇದ್ದದ್ದು ದೇವಿ, ಹಣೆಬರಹ, ಕಣ್ಣೀರು. 1982ರ ದೇವದಾಸಿ ನಿಷೇಧ ಕಾಯ್ದೆಯಾದರೂ ಮುತ್ತು ಕಟ್ಟಿಸಿದವರನ್ನು ಅಪರಾಧಿ ಅಂದಿತ್ತು. ನಾಟಕ ಸರಕಾರದ ಕಾಯ್ದೆಗಿಂತಲೂ ಹಿಂದೆ ಬಿದ್ದಿತ್ತು!

ನಿರ್ದೇಶಕರು ಕೈಮುಗಿದು, "ಬಹಳ ಒಳ್ಳೆಯ ಪ್ರತಿಕ್ರಿಯೆ" ಎಂದರು. ಬೆಂಗಳೂರಿನಲ್ಲಿ ಒಂದು ಮಾತೂ ಬದಲಾಗದೆ ಅದೇ ನಾಟಕ ನಡೆಯಿತು. ಇದು ಪರೀಕ್ಷೆಯಲ್ಲ, ನಮ್ಮ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕೆಲಸ.

ಬೇರೆ ದಾರಿ ಇಲ್ಲವೇ? ಇದೆ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಸುಟ್ಟಾಗ, 'ಸಮುದಾಯ'ದವರು ಅದನ್ನು ಬೀದಿನಾಟಕ ಮಾಡಿ ಜನರ ನಡುವೆ ಒಯ್ದರು. ಬೀದಿಯಲ್ಲಿ ನೋಡುವವನು ಎದ್ದು ಹೋಗಬಹುದು, ಎದುರು ಮಾತಾಡಬಹುದು. ಬ್ರೆಜಿಲಿನ ಅಗಸ್ಟೋ ಬೋಲ್ ಇನ್ನೂ ಮುಂದೆ ಹೋಗಿ, "ಹೇಗಾಗಬೇಕಿತ್ತು, ನೀನೇ ಮಾಡಿ ತೋರಿಸು" ಎಂದು ನೋಡುವವರನ್ನೇ ರಂಗಕ್ಕೆ ಹತ್ತಿಸಿದ.

"ಕೇರಿಯವರಿಗೆ ರಂಗಭಾಷೆ ತಿಳಿಯುತ್ತದೆಯೇ?" ಎನ್ನುವವರಿದ್ದಾರೆ. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ನೋಡುತ್ತ ಇರುಳೆಲ್ಲ ಕೂತ ಜನಕ್ಕೆ ನಾಟಕ ತಿಳಿಯುವುದಿಲ್ಲವೇನ್ರಿ? ತಿಳಿಯುತ್ತದೆ, ಅದಕ್ಕೇ ನಿಮಗೆ ಅಂಜಿಕೆ.

ನಮ್ಮ ಬೇಡಿಕೆ ಸಣ್ಣದು. ನಮ್ಮ ಬಾಳನ್ನು ಆಡುವವರು ಮೊದಲ ಆಟ ಕೇರಿಯಲ್ಲಿ ಆಡಲಿ. ಆಟ ಮುಗಿದ ಮೇಲೆ ಕೂತು ಬೈಸಿಕೊಳ್ಳಲಿ. ತಿದ್ದಿ, ಅದೇ ಕೇರಿಗೆ ಮತ್ತೊಮ್ಮೆ ತೋರಿಸಲಿ. ಕಲಾಕ್ಷೇತ್ರ ಆಮೇಲೆ. ಮಾಸ್ತರರೇ, ಶಾಲೆಯ ಅಂಗಳ ಬಿಟ್ಟುಕೊಡಿ. ವಿದ್ಯಾರ್ಥಿ ಗೆಳೆಯರೇ, ಇಂಥ ನಾಟಕ ಎಲ್ಲೇ ನಡೆಯಲಿ, ಎದ್ದು ನಿಂತು ಆ ಮುದುಕಿಯ ಮಾತು ಕೇಳಿ:

ಗೌಡ ಎಲ್ಲಿ ಅದಾನ?