ಗಾಳಿಯಂತ್ರಕ್ಕೂ ಮುನ್ನ ನೀರಿನ ಲೆಕ್ಕವಾಗಲಿ

ಪವನ ವಿದ್ಯುತ್ ಶುದ್ಧ, ನಿಜ. ಆದರೆ ಯಂತ್ರ ನಿಲ್ಲುವುದು ನೆಲದ ಮೇಲೆ. ನವಲಗುಂದ ತಾಲ್ಲೂಕಿನ ನಮ್ಮ ತಿರ್ಲಾಪುರದ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಇಂಥ ನೆಲದಲ್ಲಿ ದೊಡ್ಡ ಯಂತ್ರವೊಂದರ ಬುನಾದಿಗೆ ನೂರಾರು ಘನ ಮೀಟರ್ ಕಾಂಕ್ರೀಟ್ ಬೇಕು. ಕ್ರೇನ್ ಸಾಗಲು ಗರಸು ಹಾಕಿ ಎತ್ತರಿಸಿದ ರಸ್ತೆ ಮಳೆನೀರಿಗೆ ಒಡ್ಡಾಗಬಹುದು. ಆಗ ಒಬ್ಬರ ಹೊಲದಲ್ಲಿ ನೀರು ನಿಂತು ಬೆಳೆ ಕೊಳೆಯುತ್ತದೆ, ಇನ್ನೊಬ್ಬರ ಕೃಷಿ ಹೊಂಡ ಖಾಲಿ ಉಳಿಯುತ್ತದೆ.

2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪವನ ವಿದ್ಯುತ್ ಯೋಜನೆಗಳಿಗೆ ಪೂರ್ವಾನುಮತಿ ಬೇಕಿಲ್ಲ. ಹಾಗಾಗಿ ಗ್ರಾಮ ಪಂಚಾಯಿತಿಯೇ ಪಟ್ಟು ಹಿಡಿಯಬೇಕು: ನೆಲ ಅಗೆಯುವ ಮೊದಲೊಮ್ಮೆ, ಮುಂಗಾರಿನ ನಂತರ ಮತ್ತೊಮ್ಮೆ ಕೆರೆ, ಹಳ್ಳದ ನೀರು ಪರೀಕ್ಷೆಯಾಗಲಿ, ನೀರು ಹರಿಯುವ ಜಾಗ ಗುರುತಿಸಿ ರಸ್ತೆಯಡಿ ಮೋರಿ ಕಟ್ಟಲಿ. ಮೊದಲಿನ ಸ್ಥಿತಿಯ ದಾಖಲೆಯೇ ಇಲ್ಲದಿದ್ದರೆ, ನಾಳೆ ನಷ್ಟವಾದಾಗ ರೈತನ ಮಾತಿಗೆ ಸಾಕ್ಷಿ ಎಲ್ಲಿದೆ?