ಎರವಲು ಕಲೆಗೆ ಒಡೆಯರಾರು?

1967ರಲ್ಲಿ ಏರ್ ಇಂಡಿಯಾ ತನ್ನ ಪ್ರಯಾಣಿಕರಿಗೆ ಉಡುಗೊರೆ ನೀಡಲು ಆಶ್‌ಟ್ರೇಯೊಂದನ್ನು ರೂಪಿಸಿಕೊಡುವಂತೆ ಖ್ಯಾತ ಕಲಾವಿದ ಸಾಲ್ವಡಾರ್ ಡಾಲಿಯನ್ನು ಕೋರಿತು. ಸಂಭಾವನೆಯಾಗಿ ಆತ ಬಯಸಿದ್ದು ಆನೆಮರಿಯನ್ನು! ಬೆಂಗಳೂರಿನ ಮರಿಯೊಂದು ವಿಮಾನವೇರಿ ಯುರೋಪಿಗೆ ಹೋಯಿತು. ಈ ಪ್ರಸಂಗವನ್ನು ನೆನೆದು ನಗಬಹುದು. ಆದರೆ ಅದೇ ಸಂಸ್ಥೆ 1950ರ ದಶಕದಿಂದ ಹುಸೇನ್, ಗಾಯ್ತೊಂಡೆ ಮುಂತಾದವರಿಂದ ಪಡೆದು ಕೂಡಿಹಾಕಿದ ಸಾವಿರಾರು ಕೃತಿಗಳ ಕಥೆ ಅಷ್ಟು ಹಗುರವಾದುದಲ್ಲ. 2017ರಲ್ಲಿ ಜತಿನ್ ದಾಸ್ ಅವರ ಚಿತ್ರವೊಂದು ಸಂಗ್ರಹದಿಂದ ಕಣ್ಮರೆಯಾಗಿ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡಾಗಲೇ ದಾಸ್ತಾನು ವಹಿಯ ಸ್ಥಿತಿ ಬಯಲಾದದ್ದು. ಕಡತಗಳ ನಡುವೆಯೇ ಬಾಳು ಸವೆಸಿದ ನನ್ನಂಥವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಿಲ್ಲ.

2022ರ ಜನವರಿಯಲ್ಲಿ ಸಂಸ್ಥೆಯು ಟಾಟಾ ಸಮೂಹದ ಕೈಸೇರಿದಾಗ ಈ ಸಂಗ್ರಹವನ್ನು ಮಾರಾಟದಿಂದ ಹೊರಗಿಡಲಾಯಿತು. ಬಳಿಕ ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಪಾಲಾಯಿತು. ಕೊಡುವವರೂ ಪಡೆಯುವವರೂ ಸರ್ಕಾರವೇ ಆಗಿದ್ದರಿಂದ ಇದು ಸಾಧ್ಯವಾಯಿತೆಂಬುದನ್ನು ಮರೆಯಲಾಗದು. ಖಾಸಗಿ ಕಂಪನಿಗೆ ಅಂಥ ಕಟ್ಟುಪಾಡಿಲ್ಲ. 2008ರಲ್ಲಿ ದಿವಾಳಿಯೆದ್ದ ಲೀಮನ್ ಬ್ರದರ್ಸ್‌ನ ಕಲಾಕೃತಿಗಳು 2010ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾದವು. ಸಾಲಗಾರರ ಲೆಕ್ಕದಲ್ಲಿ ವರ್ಣಚಿತ್ರವೂ ಮೇಜು ಕುರ್ಚಿಯೂ ಒಂದೇ.

ಅದೇ 2008ರಲ್ಲಿ ಡಾಯ್ಚ ಬ್ಯಾಂಕ್ ಫ್ರಾಂಕ್‌ಫರ್ಟಿನ ಷ್ಟೇಡೆಲ್ ವಸ್ತುಸಂಗ್ರಹಾಲಯಕ್ಕೆ 600 ಕೃತಿಗಳನ್ನು 'ಶಾಶ್ವತ ಎರವಲು' ಎಂದು ನೀಡಿತು. ಜನರಿಗೆ ಇದರಿಂದ ಲಾಭವಾಗಿದೆ, ನಿಜ. ಖರೀದಿಗೆ ಹಣವಿಲ್ಲದ ಸಂಗ್ರಹಾಲಯಗಳು ಇಂಥ ನೆರವನ್ನು ಒಲ್ಲೆನೆನ್ನಬೇಕೆಂದು ನಾನು ಹೇಳುವುದಿಲ್ಲ. ಆದರೆ ಎರವಲಿನಲ್ಲಿ ಒಡೆತನ ಬ್ಯಾಂಕಿನದೇ. ಸಂಗ್ರಹಾಲಯವೊಂದರ ಗೋಡೆಯೇರಿದ ಮಾತ್ರಕ್ಕೆ ಕೃತಿಯ ಮಾರುಕಟ್ಟೆ ಬೆಲೆ ಹೆಚ್ಚುತ್ತದೆ. ಕಾವಲು, ಸಂರಕ್ಷಣೆ, ವಿದ್ವತ್ತಿನ ವೆಚ್ಚ ಒಬ್ಬರದು, ಮೌಲ್ಯವರ್ಧನೆ ಮತ್ತೊಬ್ಬರದು. 2005ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಯುಬಿಎಸ್ ಬ್ಯಾಂಕಿನ ಸಂಗ್ರಹವನ್ನು ಪ್ರದರ್ಶಿಸಿದಾಗ ವಿಮರ್ಶಕರು ಕೆರಳಿದ್ದು ಇಂಥದೇ ಕಾರಣಕ್ಕೆ. ಅಲ್ಲಿ ಹಲವು ಕೃತಿಗಳಾದರೂ ಸಂಗ್ರಹಾಲಯಕ್ಕೆ ದಾನವಾಗಿ ಬಂದವೆಂಬುದು ಸಮಾಧಾನದ ಸಂಗತಿ.

ನಮ್ಮಲ್ಲೂ ಕಂಪನಿಗಳು ಕಲೆಯನ್ನು ಸಂಗ್ರಹಿಸುತ್ತಿವೆ. ಅವುಗಳೊಡನೆ ಸಾರ್ವಜನಿಕ ಗ್ಯಾಲರಿಗಳು ಮಾಡಿಕೊಳ್ಳುವ ಒಪ್ಪಂದದಲ್ಲಿ, ಕಂಪನಿ ಮಾರಾಟವಾದರೆ ಇಲ್ಲವೇ ಮುಳುಗಿದರೆ ಕೃತಿಗಳನ್ನು ಕೊಳ್ಳುವ ಮೊದಲ ಹಕ್ಕು ಗ್ಯಾಲರಿಯದೆಂದು ಬರೆದಿರಬೇಕು. ಪ್ರದರ್ಶನ ಮುಗಿದ ಬಳಿಕ ಇಂತಿಷ್ಟು ವರ್ಷ ಮಾರುವಂತಿಲ್ಲವೆಂಬ ಷರತ್ತೂ ಬೇಕು. ಸಹಿಯಾದ ಒಪ್ಪಂದವನ್ನು ಮಾಹಿತಿ ಹಕ್ಕಿನ ಅರ್ಜಿಗೆ ಕಾಯದೆ ಪ್ರಕಟಿಸಲು ಅಡ್ಡಿಯೇನಿದೆ?