ನೀರಿಗೆ ಪಹಣಿಯಿಲ್ಲ, ಮೀನುಗಾರನಿಗೆ ದಾಖಲೆ ಬೇಕು

ಹೊಲವುಳ್ಳವನಿಗೆ ಪಹಣಿಯಿದೆ. ಬಲೆಯುಳ್ಳವನಿಗೆ ಏನಿದೆ? ಕೌದಳ್ಳಿ, ರಾಮಾಪುರ, ಹೂಗ್ಯಂ ಸುತ್ತಿನ ರೈತ ಬಾಂಧವರು ಈ ಪ್ರಶ್ನೆಯನ್ನು ತುಸು ಆಲೋಚಿಸಬೇಕಾಗಿದೆ.

2000ದ ಸುಮಾರಿಗೆ ನಮ್ಮ ರಾಜ್ಯದಲ್ಲಿ 'ಭೂಮಿ' ಯೋಜನೆ ಬಂದು ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಗ್ರಾಮಲೆಕ್ಕಿಗರ ಕೈಬರಹದ ಪ್ರತಿಗಾಗಿ ಅಲೆಯುವುದು ತಪ್ಪಿತು. ಬ್ಯಾಂಕಿನ ಸಾಲಕ್ಕೆ, ಬೆಳೆ ವಿಮೆಗೆ, ಬರ ಪರಿಹಾರಕ್ಕೆ ನೀವು ಇಂದು ಹಿಡಿದು ಹೋಗುವುದು ಆ ಕಾಗದವನ್ನೇ. ಆದರೆ ಗುಂಡಾಲ್, ಉಡುತೊರೆ ಹಳ್ಳದಂಥ ಜಲಾಶಯದಲ್ಲಾಗಲಿ, ಊರ ಕೆರೆಯಲ್ಲಾಗಲಿ ಬಲೆ ಬೀಸಿ ಬದುಕುವವನಿಗೆ ಸರ್ವೆ ನಂಬರಿಲ್ಲ. ಮೀನು ಪಾಶುವಾರು ಹಕ್ಕು ಸಹಕಾರ ಸಂಘಕ್ಕೋ ಟೆಂಡರು ಹಿಡಿದವನಿಗೋ ಹೋಗುತ್ತದೆ. ಕಾಗದದಲ್ಲಿ ಇರುವುದು ಅವರ ಹೆಸರು. ನಸುಕಿನಲ್ಲೇ ಹರಿಗೋಲು ಹತ್ತಿ ಬಲೆ ಎಳೆಯುವ ಕೂಲಿಯವನ ಹೆಸರು ಎಲ್ಲಿಯೂ ಇಲ್ಲದೆ ಹೋಗಬಹುದು.

ಇದರ ನಷ್ಟ ತಿಳಿಯುವುದು ಅವಘಡವಾದಾಗ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅಪಘಾತದಿಂದ ಸತ್ತ ಮೀನುಗಾರನ ಕುಟುಂಬಕ್ಕೆ 5 ಲಕ್ಷ ರೂಪಾಯಿ ವಿಮೆ ನಿಗದಿಯಾಯಿತು. ಕಂತಿನ ಹಣ ಕಟ್ಟುವುದು ಸರ್ಕಾರವೇ. ಆದರೆ ಹೆಸರು ನೋಂದಾಯಿಸದವನಿಗೆ ಈ ವಿಮೆ ಇದ್ದೂ ಇಲ್ಲದಂತೆ.

ಈ ಕೊರತೆ ತುಂಬಲು ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 11ರಂದು ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆಯನ್ನು ತೆರೆಯಿತು. ಇದರಲ್ಲಿ ನೋಂದಣಿ ಆಗುವುದು ಮಾಡುವ ಕೆಲಸದ ಮೇಲೆ. ಗುತ್ತಿಗೆದಾರನಷ್ಟೇ ಅಲ್ಲ, ಬಲೆ ಎಳೆಯುವವನೂ, ಸಂತೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರುವ ಹೆಂಗಸೂ ಹೆಸರು ಬರೆಸಬಹುದು. ಸಾಲ, ವಿಮೆ, ಸಹಾಯಧನಗಳಿಗೆ ಈ ಗುರುತು ದಾರಿಯಾಗಬೇಕೆಂಬುದು ಉದ್ದೇಶ. ಹಾಗೆಂದು ನೋಂದಣಿಯಾದ ಕೂಡಲೇ ಹಣ ಕೈಸೇರುವುದೆಂದು ಯಾರೂ ಭಾವಿಸಬಾರದು. ನೋಂದಣಿ ಬಾಗಿಲು ಮಾತ್ರ. ಒಳಗೆ ಹೋಗಲು ಆಯಾ ಯೋಜನೆಗೆ ಬೇರೆ ಅರ್ಜಿ ಹಾಕಬೇಕು.

ತೊಡಕುಗಳೂ ಇಲ್ಲದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ನಂಬರು ಎಂದೋ ಬದಲಾಗಿರುತ್ತದೆ. ಕಾಡಂಚಿನ ಊರುಗಳಲ್ಲಿ ಸಿಗ್ನಲ್ ಸಿಕ್ಕರೆ ಪುಣ್ಯ. ಅಕ್ಷರ ಬಾರದವನು ಬೇರೆಯವರ ಕೈಗೆ ಫೋನು ಕೊಟ್ಟು ನಿಲ್ಲಬೇಕಾಗುತ್ತದೆ.

ಯಂತ್ರ ಬಂದರೆ ಸಾಲದು, ಅದರಲ್ಲಿರುವುದನ್ನು ಜನರ ಕಿವಿಗೆ ಮುಟ್ಟಿಸುವವರು ಬೇಕು. ಪುದುಚೇರಿಯ ಮೀನುಗಾರರ ಹಳ್ಳಿಗಳಲ್ಲಿ ಸ್ವಾಮಿನಾಥನ್ ಪ್ರತಿಷ್ಠಾನವು 1998ರಿಂದ ಜ್ಞಾನ ಕೇಂದ್ರಗಳನ್ನು ತೆರೆಯಿತು. ಸಮುದ್ರದ ಅಲೆಗಳ ಮುನ್ಸೂಚನೆ ಗಣಕಯಂತ್ರಕ್ಕೆ ಬರುತ್ತಿತ್ತು. ಅದನ್ನು ಧ್ವನಿವರ್ಧಕದಲ್ಲಿ ಊರಿಗೆಲ್ಲ ಕೂಗಿ ಹೇಳುತ್ತಿದ್ದರು. 2004ರ ಸುನಾಮಿಯ ದಿನ ನಲ್ಲವಾಡು ಎಂಬ ಹಳ್ಳಿಯವರು ದೂರವಾಣಿಯಲ್ಲಿ ಸುದ್ದಿ ತಿಳಿದು, ಅದೇ ಧ್ವನಿವರ್ಧಕದಲ್ಲಿ ಎಚ್ಚರಿಸಿ ಜೀವ ಉಳಿಸಿಕೊಂಡರು.

ನಮ್ಮಲ್ಲಿ ಅಲೆಗಳ ಭಯವಿಲ್ಲ, ಪಾಠ ಮಾತ್ರ ಒಂದೇ. ಮೀನುಗಾರನು ಕೆಲಸ ಬಿಟ್ಟು ಕಚೇರಿಗೆ ಅಲೆಯುವ ಬದಲು ಇಲಾಖೆಯವರೇ ಮೀನು ತೂಗುವ ದಡಕ್ಕೆ ಒಂದು ದಿನ ಬಂದು ನೋಂದಣಿ ಮಾಡಬೇಕು. ಈ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಇಟ್ಟು ನಡಾವಳಿಯಲ್ಲಿ ಬರೆಸಿರಿ. ಯಾವ ಯೋಜನೆ ಈ ವರ್ಷ ಜಾರಿಯಲ್ಲಿದೆ, ಕೊನೆಯ ದಿನ ಯಾವುದು ಎಂಬುದನ್ನು ಪಂಚಾಯಿತಿಯ ಫಲಕದಲ್ಲಿ ಹಾಕಲಿ.

ಇದು ಮೀನುಗಾರರ ಪಾಡು, ನಮಗೇಕೆ ಎನ್ನದಿರಿ. ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟಿರುವ ರೈತರೂ ಇದರಲ್ಲಿ ನೋಂದಾಯಿಸಬಹುದು. ನಿಮ್ಮ ಹೆಸರು ಬರೆಸಲು ಹೋಗುವ ದಿನ, ಕೆರೆಯಲ್ಲಿ ಬಲೆ ಎಳೆಯುವ ನೆರೆಯವನನ್ನೂ ಜೊತೆಗೆ ಕರೆದೊಯ್ಯಿರಿ.